ಯಾರ ಖಾತೆ? ಡಿ ಭಾಷೆಯ ಡೆಲಿಗೇಟ್ ಪಾಠ

ನಮ್ಮ ಅಬ್ಬಾ ಕಾಯಿ ವ್ಯಾಪಾರಿ. ದಂಡಿನಶಿವರದ ಸುತ್ತಲಿನ ತೋಟಗಳ ಕೊಬ್ಬರಿ ಕೊಂಡು ತಿಪಟೂರು ಮಾರುಕಟ್ಟೆಗೆ ಹಾಕುತ್ತಾರೆ. ರಾತ್ರಿ ಲೆಕ್ಕ ಬರೆಯುವಾಗ ನಾನು "2000 ಜಮಾ" ಎಂದರೆ ಅವರು ತಕ್ಷಣ ಕೇಳುತ್ತಾರೆ: "ಕಿಸ್ಕಾ ಖಾತಾ?" ಯಾರ ಖಾತೆಗೆ? ಡಿ ಭಾಷೆಯಲ್ಲಿ ನಾನು ಎಡವಿದ್ದೂ ಈ ಪ್ರಶ್ನೆಯಲ್ಲೇ.

ಡಿ ಎಂಬುದು ವಾಲ್ಟರ್ ಬ್ರೈಟ್ ರೂಪಿಸಿದ, 2001ರಲ್ಲಿ ಹೊರಬಂದ ಪ್ರೋಗ್ರಾಮಿಂಗ್ ಭಾಷೆ. ಸಿ ಪ್ಲಸ್ ಪ್ಲಸ್ ತಿಳಿದವರಿಗೆ ಅದರ ಬರವಣಿಗೆ ಹೊಸದೆನಿಸುವುದಿಲ್ಲ. ಅಬ್ಬಾ ಅವರ ಲೆಕ್ಕಕ್ಕಾಗಿ 'ಖಾತೆ' ಎಂಬ ಕ್ಲಾಸ್ ಬರೆದೆ. ಅದರಲ್ಲಿ 'ಬಾಕಿ' ಎಂಬ ಸಂಖ್ಯೆ, 'ಜಮಾ' ಎಂಬ ಮೆಥಡ್. ಒಬ್ಬೊಬ್ಬ ರೈತರಿಗೂ ಒಂದೊಂದು ಆಬ್ಜೆಕ್ಟ್. ಮೊತ್ತಗಳ ಪಟ್ಟಿ ಓದಿ, ನಾವು ಕೊಟ್ಟ ಮೆಥಡ್ಡನ್ನು ಪ್ರತಿ ಮೊತ್ತಕ್ಕೂ ಕರೆಯುವ ಒಂದು ಟೆಂಪ್ಲೇಟ್ ಫಂಕ್ಷನ್ನನ್ನೂ ಬರೆದೆ.

ಕ್ಲಾಸಿನ ಹೆಸರು ಹಿಡಿದು 'ಜಮಾ' ಮೆಥಡ್ಡಿನ ವಿಳಾಸವನ್ನು ಅದಕ್ಕೆ ಕೊಟ್ಟೆ. ನನ್ನಲ್ಲಿದ್ದ ಕಂಪೈಲರ್ ಒಪ್ಪಿತು. ಓಡಿಸಿದರೆ ಪ್ರೋಗ್ರಾಂ ಅರ್ಧಕ್ಕೇ ನಿಂತುಹೋಯಿತು.

ಕಾರಣ ಇಷ್ಟು. ನೂರು ಆಬ್ಜೆಕ್ಟ್ ಇದ್ದರೂ ಮೆಥಡ್ಡಿನ ಕೋಡ್ ಒಂದೇ. ಬಾಕಿ ಮಾತ್ರ ಒಬ್ಬೊಬ್ಬರದು ಬೇರೆ. ಯಾವ ಆಬ್ಜೆಕ್ಟ್ ಎಂಬುದು 'ದಿಸ್' ಎಂಬ ಗುಪ್ತ ವಿಳಾಸವಾಗಿ ಕರೆಯ ಜೊತೆಗೆ ಹೋಗಬೇಕು. ಫಂಕ್ಷನ್ ಪಾಯಿಂಟರಿನಲ್ಲಿ ಕೋಡಿನ ವಿಳಾಸ ಮಾತ್ರ ಇರುತ್ತದೆ. ಜಮಾ ಮಾಡುವ ಕ್ರಮ ಗೊತ್ತು, ಯಾರ ಖಾತೆ ಎಂದು ಗೊತ್ತಿಲ್ಲ!

ಕ್ಲಾಸಿನ ಬದಲು ಆಬ್ಜೆಕ್ಟಿನ ಹೆಸರು ಹಿಡಿದು ಅದೇ ಮೆಥಡ್ಡಿನ ವಿಳಾಸ ಕೇಳಿದರೆ ಡಿ ಕೊಡುವುದು ಡೆಲಿಗೇಟ್. ಅದರಲ್ಲಿ ಎರಡು ವಿಳಾಸಗಳಿವೆ: ಒಂದು ಕೋಡಿನದು, ಇನ್ನೊಂದು ಆಬ್ಜೆಕ್ಟಿನದು. ಆದ್ದರಿಂದಲೇ 64 ಬಿಟ್ ಕಂಪ್ಯೂಟರಿನಲ್ಲಿ ಫಂಕ್ಷನ್ ಪಾಯಿಂಟರ್ 8 ಬೈಟ್, ಡೆಲಿಗೇಟ್ 16 ಬೈಟ್.

ಟೆಂಪ್ಲೇಟ್ ನನ್ನ ತಪ್ಪನ್ನು ಹಿಡಿಯಲಿಲ್ಲವೇಕೆ? ಟೆಂಪ್ಲೇಟಿನಲ್ಲಿ ನಾನು ಟೈಪನ್ನು ಖಾಲಿ ಬಿಟ್ಟಿದ್ದೆ. ಕೊಟ್ಟದ್ದು ಯಾವುದೋ ಅದನ್ನೇ ಕಂಪೈಲರ್ ತುಂಬಿಕೊಳ್ಳುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೆ. ಪ್ಯಾರಾಮೀಟರಿನ ಟೈಪ್ 'ಡೆಲಿಗೇಟ್' ಎಂದು ಬರೆದ ಮೇಲೆ ಆ ಬರೀ ವಿಳಾಸವನ್ನು ಕಂಪೈಲರೇ ತಿರಸ್ಕರಿಸಿತು. ತಪ್ಪು ಓಡಿಸುವ ಮುಂಚೆಯೇ ಸಿಕ್ಕಿತು.

ಇದರಿಂದ ನಷ್ಟವೇನೂ ಇಲ್ಲ. ಡೆಲಿಗೇಟಿನ ಟೈಪಿನಲ್ಲಿ ಕ್ಲಾಸಿನ ಹೆಸರು ಇರುವುದಿಲ್ಲ. ನಾಳೆ 'ನಾರಿನ ಖಾತೆ' ಎಂಬ ಬೇರೆ ಕ್ಲಾಸ್ ಬರೆದರೂ, ಮೆಥಡ್ ಅದೇ ರೀತಿಯ ಮೊತ್ತ ತೆಗೆದುಕೊಂಡು ಅದೇ ರೀತಿಯ ಉತ್ತರ ಕೊಡುವುದಾದರೆ ಸಾಕು. ಕ್ಲಾಸಿಗೆ ಸೇರದ ಸಾಮಾನ್ಯ ಫಂಕ್ಷನ್ನನ್ನು ಕೊಡಬೇಕಾದರೆ ಡಿ ಗ್ರಂಥಾಲಯದ 'ಟು ಡೆಲಿಗೇಟ್' ಅದನ್ನು ಡೆಲಿಗೇಟ್ ಮಾಡಿಕೊಡುತ್ತದೆ.

ಲ್ಯಾಬಿನಲ್ಲಿ ಮಾಡಿ ನೋಡಿ: ಒಂದೇ ಕ್ಲಾಸಿನ ಎರಡು ಆಬ್ಜೆಕ್ಟ್ ಮಾಡಿ, ಎರಡರಿಂದಲೂ 'ಜಮಾ' ಡೆಲಿಗೇಟ್ ಪಡೆಯಿರಿ. ಅವುಗಳ 'ಫಂಕ್‌ಪಿಟಿಆರ್' ಮತ್ತು 'ಪಿಟಿಆರ್' ಮುದ್ರಿಸಿ. ಮೊದಲನೆಯದು ಎರಡಕ್ಕೂ ಒಂದೇ, ಎರಡನೆಯದು ಬೇರೆ ಬೇರೆ. ಅಬ್ಬಾ ಕೇಳುವ ಪ್ರಶ್ನೆಗೆ ಉತ್ತರ ಆ ಎರಡನೆಯದರಲ್ಲಿದೆ. ಅದಿಲ್ಲದೆ ಒಬ್ಬ ರೈತರ ಹಣವನ್ನೂ ಜಮಾ ಮಾಡಬಾರದು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ