ಗುರಿ ತಪ್ಪುತ್ತಿದೆಯೇ? ನಳಿಕೆ ನೋಡಿ

ಚನ್ನಪಟ್ಟಣದ ಕೆಂಗಲ್ ಜಾತ್ರೆಯಿರಲಿ, ಮಾಗಡಿ ರಂಗನಾಥಸ್ವಾಮಿಯ ತೇರಿರಲಿ, ಬಲೂನು ಕಟ್ಟಿದ ಹಲಗೆಯ ಮುಂದೆ ಏರ್‌ಗನ್ ಹಿಡಿಯಲು ಹುಡುಗರು ಮುಗಿಬೀಳುತ್ತಾರೆ. ಕೈಗೆ ಸಿಗುವಷ್ಟು ಹತ್ತಿರದ ಬಲೂನೂ ತಪ್ಪಿದರೆ ಕೈ ನಡುಗಿತೆಂದು ಪೆಚ್ಚಾಗುತ್ತಾರೆ. ಎಷ್ಟೋ ಸಲ ತಪ್ಪು ಕೈಯದಲ್ಲ, ಸವೆದು ಸೀಸ ಮೆತ್ತಿದ ನಳಿಕೆಯದು.

ಜಾತ್ರೆಯ ಆಟಕ್ಕೆ ಅದು ನಡೆದೀತು. ಆದರೆ ರಾಮನಗರ, ಕನಕಪುರದ ಮಕ್ಕಳು 10 ಮೀಟರ್ ಏರ್‌ರೈಫಲ್ ಕಲಿಯಲು ಹೊರಟರೆ ನಡೆಯದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್!

ಮೊದಲು ಪೆಲೆಟ್‌ನ, ಅಂದರೆ ಸೀಸದ ಗುಂಡಿನ, ಅಳತೆ ನಳಿಕೆಗೆ ಹೊಂದಬೇಕು. ನಳಿಕೆಯ ಒಳಗೆ ಸುರುಳಿಯಾಗಿ ಸಾಗುವ ತೋಡುಗಳು ಪೆಲೆಟ್ಟನ್ನು ತಿರುಗಿಸುತ್ತವೆ. ಆ ತಿರುಗುವಿಕೆಯೇ ಅದನ್ನು ನೇರ ದಾರಿಯಲ್ಲಿ ಹಿಡಿದಿಡುವುದು. 4.5 ಮಿ.ಮೀ. ಎಂದು ಡಬ್ಬಿಯ ಮೇಲಿದ್ದರೂ ಪೆಲೆಟ್ ತಲೆ 4.49, 4.50, 4.51 ಎಂದು ಬೇರೆಬೇರೆ ಅಳತೆಯಲ್ಲಿ ಸಿಗುತ್ತದೆ. ಸಡಿಲವಾದರೆ ಗಾಳಿ ಪಕ್ಕದಿಂದ ನುಸುಳಿ ವೇಗ ಏರುಪೇರಾಗುತ್ತದೆ, ಬಿಗಿಯಾದರೆ ಸೀಸ ಉಜ್ಜಿ ಆಕಾರ ಕೆಡುತ್ತದೆ. ಪರೀಕ್ಷೆ ಸುಲಭ. ರೈಫಲ್ಲನ್ನು ಭದ್ರವಾಗಿ ಆನಿಸಿಟ್ಟು, ಒಂದೊಂದು ಅಳತೆಯ ಐದೈದು ಪೆಲೆಟ್‌ಗಳನ್ನು ಬೇರೆಬೇರೆ ಕಾಗದಕ್ಕೆ ಹೊಡೆಯಿರಿ. ಯಾವುದರ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಅದೇ ನಿಮ್ಮ ನಳಿಕೆಯದು. ದುಬಾರಿ ಡಬ್ಬಿಯೇ ಗೆಲ್ಲಬೇಕೆಂದಿಲ್ಲ.

ಇನ್ನು ಕೊಳೆ. ಏರ್‌ಗನ್ನಿನಲ್ಲಿ ಮದ್ದು ಸುಡುವುದಿಲ್ಲ, ಮಸಿಯಿಲ್ಲ. ಕೂರುವುದು ಸೀಸದ ತೆಳುಪದರ, ಜಿಡ್ಡು, ಧೂಳು. ಪ್ರತಿದಿನ ಉಜ್ಜಬೇಕೆಂಬುದು ತಪ್ಪು. ನಿನ್ನೆವರೆಗೆ ಒಂದೆಡೆ ಬೀಳುತ್ತಿದ್ದ ತೂತುಗಳು ಕಾರಣವಿಲ್ಲದೆ ಚೆದುರಿದಾಗ ಮಾತ್ರ ಶುಚಿಗೊಳಿಸಿ.

ಮೊದಲು ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಿ. ನಳಿಕೆಯ ಅಳತೆಗೆ ಸರಿಯಾದ ಫೆಲ್ಟ್ ತುಂಡನ್ನು ನೈಲಾನ್ ದಾರಕ್ಕೆ ಕಟ್ಟಿ, ಪೆಲೆಟ್ ತುಂಬುವ ಕಡೆಯಿಂದ ತುದಿಯತ್ತ ಎಳೆಯಿರಿ, ಹಿಂದಕ್ಕೆ ಎಳೆಯಬೇಡಿ. ಮೊದಲ ತುಂಡು ಬೂದುಗಪ್ಪಾಗಿ ಹೊರಬರುತ್ತದೆ. ಬೆಳ್ಳಗೆ ಬರುವವರೆಗೆ ಹೊಸ ತುಂಡು ಹಾಕುತ್ತ ಹೋಗಿ. ಉಕ್ಕಿನ ಕಡ್ಡಿ ಬೇಡವೇ ಬೇಡ: ನಳಿಕೆಯ ತುದಿಯಲ್ಲಿ ಗೀರು ಬಿದ್ದರೆ ಹೊರಡುವ ಪೆಲೆಟ್ ಓರೆಯಾಗುತ್ತದೆ, ಅದಕ್ಕೆ ಮನೆಮದ್ದಿಲ್ಲ. ಸ್ಪ್ರಿಂಗ್ ಗನ್ನಿನ ನಳಿಕೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವವರಿದ್ದಾರೆ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಂಡು ವೇಗವೂ ಕೆಡುತ್ತದೆ, ಸೀಲೂ ಹಾಳಾಗುತ್ತದೆ.

ಶುಚಿ ಮಾಡಿದ ಕೂಡಲೇ ಫಲ ನೋಡಬೇಡಿ. ಹತ್ತಿಪ್ಪತ್ತು ಪೆಲೆಟ್ ಹೊಡೆದು ನಳಿಕೆಯೊಳಗೆ ತೆಳು ಪದರ ಮತ್ತೆ ಕೂತ ಮೇಲೆ ಗುರಿ ನೆಲೆ ನಿಲ್ಲುತ್ತದೆ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸೀಸ ವಿಷ.

ಈ ಭಾಗದವರಿಗೆ ಇನ್ನೊಂದು ಮಾತು. 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಗಿ ಘೋಷಣೆಯಾದ ರಾಮದೇವರ ಬೆಟ್ಟ ಇಲ್ಲೇ ಇದೆ. ಸೀಸದ ಚೂರಿರುವ ಕಳೇಬರ ತಿಂದ ರಣಹದ್ದು ಸಾಯಬಹುದು. ಸರಿಪಡಿಸಿದ ಏರ್‌ಗನ್ನನ್ನು ಹಕ್ಕಿಗಳತ್ತ ತಿರುಗಿಸಬೇಡಿ; ಕಾಗದದ ಗುರಿಯ ಹಿಂದೆ ತಗಡಿನ ಪೆಟ್ಟಿಗೆಯಿಟ್ಟು ಸೀಸವನ್ನೆಲ್ಲ ಅದರಲ್ಲೇ ಹಿಡಿಯಿರಿ.