ಅರ್ಧ ಗಂಟೆಯ ಪಾಸ್‌ವರ್ಡ್

ಹೋದ ವರ್ಷದ ಫೆಸ್ಟ್‌ನಲ್ಲಿ ಒಬ್ಬರ ಹೆಸರು ತಪ್ಪಾಗಿ ಎಂಟ್ರಿ ಆಗಿತ್ತು. ಅರ್ಜೆಂಟಾಗಿ ಸರಿ ಮಾಡೋಕೆ ಅಂತ ರಿಜಿಸ್ಟ್ರೇಷನ್ ಡೇಟಾಬೇಸ್‌ನ ಅಡ್ಮಿನ್ ಪಾಸ್‌ವರ್ಡನ್ನು ನಾವು ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ವಿ. ಆರು ತಿಂಗಳಾದ ಮೇಲೆ ನೋಡಿದ್ರೆ ಅದೇ ಪಾಸ್‌ವರ್ಡ್ ಇನ್ನೂ ಕೆಲಸ ಮಾಡ್ತಿತ್ತು! ಪಾಸಾಗಿ ಹೋದ ಸೀನಿಯರ್‌ಗಳ ಫೋನಲ್ಲೂ ಅದಿತ್ತು. ಡೇಟಾಬೇಸಲ್ಲಿ ಜೂನಿಯರ್‌ಗಳ ಫೋನ್ ನಂಬರ್‌ಗಳಿದ್ದವು. ಯಾರು ಏನು ನೋಡಿದ್ರು ಅಂತ ಹೇಳೋಕೂ ಆಗಲ್ಲ, ಯಾಕಂದ್ರೆ ಎಲ್ಲರೂ ಒಂದೇ ಹೆಸರಲ್ಲಿ ಲಾಗಿನ್ ಆಗ್ತಿದ್ವಿ.

ಲ್ಯಾಬ್ ಕೀ ತಗೊಂಡ್ರೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಸಂಜೆ ವಾಪಸ್ ಕೊಡ್ತೀವಲ್ಲ, ಡೇಟಾಬೇಸಿಗೂ ಅದೇ ನಿಯಮ ಬೇಕು. ಈ ಸಲ ಟೀಮ್ ಚಾಟನ್ನು ಸ್ಲ್ಯಾಕ್‌ಗೆ ಬದಲಾಯಿಸಿ ಒಂದು ಚಿಕ್ಕ ಬಾಟ್ ಬರೆದ್ವಿ. ಅದು ಕೆಲಸ ಮಾಡೋದು ಹೀಗೆ:

1. ಯಾವ ಟೇಬಲ್, ಓದೋಕಾ ಬದಲಿಸೋಕಾ, ಎಷ್ಟು ಹೊತ್ತು, ಯಾಕೆ ಅಂತ ಚಾಟ್‌ನಲ್ಲಿ ಕೇಳಬೇಕು.

2. ಇನ್ನೊಬ್ಬರು ಒಪ್ಪಿಗೆಯ ಬಟನ್ ಒತ್ತಬೇಕು. ಕೇಳಿದವರೇ ಒತ್ತಿದ್ರೆ ನಡೆಯಲ್ಲ. ಸ್ಲ್ಯಾಕ್ ಪ್ರತಿ ರಿಕ್ವೆಸ್ಟ್ ಜೊತೆ ಒಂದು ಡಿಜಿಟಲ್ ಸಹಿ ಕಳಿಸುತ್ತೆ. ಅದು ತಾಳೆಯಾಗದಿದ್ರೆ ಅಥವಾ ರಿಕ್ವೆಸ್ಟ್ 5 ನಿಮಿಷಕ್ಕಿಂತ ಹಳೆಯದಾಗಿದ್ರೆ ಬಾಟ್ ತಿರಸ್ಕರಿಸುತ್ತೆ.

3. ಬಾಟ್ ಪೋಸ್ಟ್‌ಗ್ರೆಸ್‌ನಲ್ಲಿ ಅವರಿಗೇ ಒಂದು ಹೊಸ ರೋಲ್ ಮಾಡಿ, ಆ ಟೇಬಲ್‌ಗೆ ಮಾತ್ರ ಗ್ರಾಂಟ್ ಕೊಟ್ಟು, 'ವ್ಯಾಲಿಡ್ ಅನ್‌ಟಿಲ್' ಅಂತ ಸಮಯ ಹಾಕುತ್ತೆ. ಪಾಸ್‌ವರ್ಡ್ ಚಾಟಿಗೆ ಬರಲ್ಲ. ಕಾಲೇಜು ಐಡಿಯಿಂದ ಲಾಗಿನ್ ಆಗಿ ಬೇರೆ ಪೇಜಲ್ಲಿ ನೋಡಬೇಕು.

ಇಷ್ಟಾದ್ರೆ ಮುಗೀತು ಅಂದ್ಕೊಂಡಿದ್ವಿ. ಟೆಸ್ಟ್ ಮಾಡುವಾಗ 30 ನಿಮಿಷ ಕಳೆದ ಮೇಲೂ ಗೆಳೆಯನ ಕ್ವೆರಿಗಳು ಓಡ್ತಾನೇ ಇದ್ದವು! ಯಾಕಂದ್ರೆ 'ವ್ಯಾಲಿಡ್ ಅನ್‌ಟಿಲ್' ಪಾಸ್‌ವರ್ಡಿಗೆ ಮಾತ್ರ ಅವಧಿ ಹಾಕುತ್ತೆ. ಹೊಸದಾಗಿ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋದು ನಿಲ್ಲುತ್ತೆ, ಆಗಲೇ ತೆರೆದಿರುವ ಕನೆಕ್ಷನ್ ಕಡಿಯಲ್ಲ. ಅದಕ್ಕೇ ಸಮಯ ಮುಗಿದ ಕೂಡಲೇ ಬಾಟ್ ಮೊದಲು ರೋಲನ್ನು 'ನೋಲಾಗಿನ್' ಮಾಡುತ್ತೆ. ಆಮೇಲೆ ತೆರೆದಿರುವ ಕನೆಕ್ಷನ್‌ಗಳನ್ನು 'ಪಿಜಿ ಟರ್ಮಿನೇಟ್ ಬ್ಯಾಕೆಂಡ್' ಬಳಸಿ ಕಡಿದು, ಗ್ರಾಂಟ್ ವಾಪಸ್ ತಗೊಂಡು, ಕೊನೆಗೆ ರೋಲ್ ಅಳಿಸುತ್ತೆ. ಈ ಕ್ರಮ ಮುಖ್ಯ. ಗ್ರಾಂಟ್ ಉಳಿದಿದ್ರೆ ರೋಲ್ ಅಳಿಸೋಕೆ ಪೋಸ್ಟ್‌ಗ್ರೆಸ್ ಬಿಡಲ್ಲ.

ಇನ್ನೊಂದು ಎಚ್ಚರ: ರೋಲ್ ಸೃಷ್ಟಿಸುವ ಅಧಿಕಾರ ಈಗ ಬಾಟ್ ಕೈಲಿದೆ. ಅದರ ಪಾಸ್‌ವರ್ಡನ್ನು ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಪುಶ್ ಮಾಡಿದ್ರೆ ಮತ್ತೆ ಹಳೇ ಕಥೆನೇ.

ಈಗಲೇ ನಿಮ್ಮ ಪ್ರಾಜೆಕ್ಟ್ ಗ್ರೂಪ್ ತೆರೆದು 'ಪಾಸ್‌ವರ್ಡ್' ಅಂತ ಸರ್ಚ್ ಮಾಡಿ ನೋಡಿ. ಏನಾದ್ರೂ ಸಿಕ್ಕಿದ್ರೆ ಮೆಸೇಜ್ ಡಿಲೀಟ್ ಮಾಡಿದ್ರೆ ಸಾಲದು, ಪಾಸ್‌ವರ್ಡನ್ನೇ ಬದಲಿಸಿ.