ಜೀವಕೋಶದ ಸ್ವಭಕ್ಷಣ

ಮಾಂಸವನ್ನು ಕರಗಿಸಬಲ್ಲ ರಸಗಳು ನಮ್ಮ ಜಠರದಲ್ಲಿ ಉಂಟೆಂಬುದನ್ನು ಎಲ್ಲರೂ ಬಲ್ಲರು. ಅಂತಹ ಪಾಚಕ ಕಿಣ್ವಗಳು ದೇಹದ ಬಹುಪಾಲು ಜೀವಕೋಶಗಳ ಒಳಗೂ ಇವೆ. ಹಾಗಿದ್ದರೆ ಜೀವಕೋಶವು ತನ್ನನ್ನು ತಾನೇ ಜೀರ್ಣಿಸಿಕೊಂಡು ನಾಶವಾಗದೆ ಉಳಿದಿರುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು, ಕೆಟ್ಟುಹೋಯಿತೆಂದು ತೋರಿದ ಒಂದು ಪ್ರಯೋಗದಿಂದ.

1949ರಲ್ಲಿ ಬೆಲ್ಜಿಯಂ ದೇಶದ ಲೂವೇನ್ ನಗರದಲ್ಲಿ ಕ್ರಿಸ್ಟಿಯಾನ್ ಡಿ ಡ್ಯೂವ್ ಎಂಬ ವಿಜ್ಞಾನಿ ಇಲಿಯ ಯಕೃತ್ತಿನ ಕಿಣ್ವಗಳನ್ನು ಅಭ್ಯಸಿಸುತ್ತಿದ್ದರು. ಯಕೃತ್ತನ್ನು ನಯವಾಗಿ ಅರೆದು, ಆಮ್ಲ ಫಾಸ್ಫಟೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಅಳೆದಾಗ, ನಿರೀಕ್ಷಿಸಿದ್ದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಕಂಡುಬಂದಿತು. ಅದೇ ದ್ರವವನ್ನು ಐದು ದಿನ ಶೀತಪೆಟ್ಟಿಗೆಯಲ್ಲಿರಿಸಿ ಮತ್ತೆ ಅಳೆದರೆ, ಮಾಯವಾಗಿದ್ದ ಚಟುವಟಿಕೆ ಮರಳಿ ಬಂದಿತ್ತು! ಅಳತೆಯ ದೋಷವೆಂದು ಮೊದಲ ಅಂಕಿಯನ್ನು ಹೊಡೆದುಹಾಕಬಹುದಾಗಿತ್ತು. ಪ್ರಯೋಗಶಾಲೆಯಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಅದನ್ನೇ. ಡಿ ಡ್ಯೂವ್ ಹಾಗೆ ಮಾಡಲಿಲ್ಲ. ಕಿಣ್ವವು ಸೂಕ್ಷ್ಮವಾದ ಪೊರೆಚೀಲಗಳಲ್ಲಿ ಬಂಧಿತವಾಗಿದ್ದು, ದಿನ ಕಳೆದಂತೆ ಪೊರೆ ಶಿಥಿಲವಾಗಿ ಹೊರಬಂದಿರಬೇಕೆಂದು ತರ್ಕಿಸಿದರು. 1955ರಲ್ಲಿ ಈ ಚೀಲಗಳಿಗೆ ಲೈಸೊಸೋಮ್ ಎಂಬ ಹೆಸರಾಯಿತು.

ಪೊರೆಯೊಂದೇ ಇಲ್ಲಿ ಕಾವಲಲ್ಲ. ಅದರಲ್ಲಿರುವ ಅಣುಗಾತ್ರದ ಪಂಪುಗಳು ಹೈಡ್ರೊಜನ್ ಅಯಾನುಗಳನ್ನು ಸದಾ ಒಳಕ್ಕೆ ತಳ್ಳುತ್ತಿರುತ್ತವೆ. ಒಳಗಿನ ಪಿಎಚ್ ಸುಮಾರು 5, ಹೊರಗೆ ಸುಮಾರು 7.2. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಪಿಎಚ್ ಲಾಗರಿದಮ್ಮಿನ ಅಳತೆಯಾದುದರಿಂದ, ಒಳಗಿನ ಆಮ್ಲತೆ ಹೊರಗಿನದಕ್ಕಿಂತ ನೂರೈವತ್ತು ಪಟ್ಟಿಗೂ ಹೆಚ್ಚೆಂದಾಯಿತು. ಈ ಕಿಣ್ವಗಳಿಗೆ ಬಲ ಬರುವುದು ಆಮ್ಲದಲ್ಲಿಯೇ. ಅಲ್ಪಸ್ವಲ್ಪ ಸೋರಿದರೂ ಹೊರಗೆ ಅವು ಬಹುಮಟ್ಟಿಗೆ ನಿರ್ವೀರ್ಯ.

ಈ ಚೀಲಗಳಿಗೆ ಆಹಾರ ಯಾವುದು? ಜೀವಕೋಶದ ಸವೆದ ಭಾಗಗಳು. ಅವುಗಳ ಸುತ್ತ ಜೋಡಿಪೊರೆಯೊಂದು ಬೆಳೆದು, ಅವನ್ನು ಗಂಟುಕಟ್ಟಿ ಲೈಸೊಸೋಮಿಗೆ ಒಪ್ಪಿಸುತ್ತದೆ. ಇದಕ್ಕೆ ಡಿ ಡ್ಯೂವ್ 1963ರಲ್ಲಿ ಆಟೊಫೇಜಿ, ಎಂದರೆ ಸ್ವಭಕ್ಷಣ, ಎಂದು ಹೆಸರಿಟ್ಟರು. ಇದರ ಕಡಿವಾಣವೂ ಒಂದು ಕಿಣ್ವದ ಕೈಯಲ್ಲಿದೆ. ಪೋಷಣೆ ಸಮೃದ್ಧವಾಗಿದ್ದಾಗ ಎಂಟಾರ್ ಎಂಬ ಕಿಣ್ವವು ಸ್ವಭಕ್ಷಣವನ್ನು ತಡೆದಿಡುತ್ತದೆ. ಉಪವಾಸ ಬಿದ್ದಾಗ ಹಿಡಿತ ಸಡಿಲಿಸುತ್ತದೆ. ಈ ಕ್ರಿಯೆಗೆ ಬೇಕಾದ ಜೀನುಗಳನ್ನು ಯೀಸ್ಟಿನಲ್ಲಿ ಹುಡುಕಿ ತೆಗೆದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಹುಮಾನ ಸಂದಿತು.

ಚೀಲದೊಳಗಣ ಹತ್ತಾರು ಕಿಣ್ವಗಳಲ್ಲಿ ಒಂದೇ ಒಂದು ಇಲ್ಲವಾದರೆ? 1932ರಲ್ಲಿ ಡಚ್ ವೈದ್ಯ ಪೊಂಪೆ, ಹೃದಯ ವಿಪರೀತವಾಗಿ ಹಿಗ್ಗಿ ಮೃತವಾದ ಏಳು ತಿಂಗಳ ಹೆಣ್ಣು ಶಿಶುವೊಂದನ್ನು ವರ್ಣಿಸಿದರು. ಅದರ ಸ್ನಾಯುಗಳ ತುಂಬ ಪ್ರಾಣಿಪಿಷ್ಟವಾದ ಗ್ಲೈಕೊಜನ್ ಶೇಖರವಾಗಿತ್ತು. ಇಂತಹ ರೋಗಿಗಳಲ್ಲಿ ಗ್ಲೈಕೊಜನನ್ನು ಒಡೆಯುವ, ಆಗ ತಿಳಿದಿದ್ದ ಕಿಣ್ವಗಳೆಲ್ಲ ಸರಿಯಾಗಿಯೇ ಇದ್ದುದು ದೊಡ್ಡ ಒಗಟಾಯಿತು. 1963ರಲ್ಲಿ ಲೂವೇನ್‌ನವರೇ ಆದ ಹೆರ್ಸ್ ಅದನ್ನು ಬಿಡಿಸಿದರು. ಶೇಖರವಾದದ್ದು ಲೈಸೊಸೋಮುಗಳ ಒಳಗೆ. ಹೊರಗಿನ ಕಿಣ್ವಗಳಿಗೆ ಅಲ್ಲಿ ಪ್ರವೇಶವಿಲ್ಲ. ಒಳಗೆ ಕೆಲಸ ಮಾಡಬೇಕಾದ ಆಮ್ಲ ಆಲ್ಫ-ಗ್ಲೂಕೊಸಿಡೇಸ್ ಮಾತ್ರ ಆ ಶಿಶುಗಳಲ್ಲಿ ಇರಲಿಲ್ಲ. ಜೀವಕೋಶವನ್ನು ರಕ್ಷಿಸುವ ಪೊರೆಯೇ ಇಲ್ಲಿ ನೆರವಿಗೆ ಅಡ್ಡಗೋಡೆಯಾಗಿತ್ತು.

ಆದರೆ ಆ ಗೋಡೆಗೆ ಒಂದು ಬಾಗಿಲುಂಟು. ಜೀವಕೋಶಗಳು ಹೊರಗಿನ ಕೆಲವು ವಸ್ತುಗಳನ್ನು ನುಂಗಿ ಲೈಸೊಸೋಮಿಗೆ ಸಾಗಿಸುತ್ತವೆ. ಆದುದರಿಂದ ಕೊರತೆಯ ಕಿಣ್ವವನ್ನು ತಯಾರಿಸಿ ರಕ್ತನಾಳದ ಮೂಲಕ ಕೊಟ್ಟರೆ ಅದು ತಲುಪಬೇಕಾದಲ್ಲಿಗೆ ತಲುಪುತ್ತದೆ. ಈ ಚಿಕಿತ್ಸೆಗೆ 2006ರಲ್ಲಿ ಅಂಗೀಕಾರ ದೊರೆಯಿತು. ಹಿಂದೆ ಮೊದಲ ಹುಟ್ಟುಹಬ್ಬವನ್ನು ಕಾಣುವುದೇ ಅಪರೂಪವಾಗಿದ್ದ ಶಿಶುಗಳಲ್ಲಿ ಎಷ್ಟೋ ಮಂದಿ ಈಗ ಬದುಕುಳಿಯುತ್ತಿದ್ದಾರೆ. ಕಿಣ್ವವನ್ನು ಮಾತ್ರ ಅವರಿಗೆ ಎರಡು ವಾರಕ್ಕೊಮ್ಮೆ ತಪ್ಪದೆ ಕೊಡುತ್ತಿರಬೇಕು.